ಎಣ್ಣೆ ಕೊಡುವ ಜೀವಾಣುವಿಗೆ ಮೇವೆಲ್ಲಿಯದು?

ಸುಳ್ಯವನ್ನು ದಾಟಿ ಸಂಪಾಜೆ ಘಾಟಿಯ ಕಡೆಗೆ ಸಾಗುವವರಿಗೆ ದಾರಿಯಲ್ಲಿ ಅರಂತೋಡು ಸಿಗುತ್ತದೆ. ಬೇಸಗೆಯಲ್ಲಿ ಇಲ್ಲಿನ ಅಂಗಳಗಳಲ್ಲೆಲ್ಲ ಹಣ್ಣಡಿಕೆ ಒಣಗುತ್ತಿರುತ್ತದೆ. ಸುಲಿದು ಚಾಲಿಯನ್ನು ಮಾರಿದ ಮೇಲೆ ಉಳಿಯುವ ಸಿಪ್ಪೆ ಒಂದಷ್ಟು ಬಚ್ಚಲೊಲೆಗೆ, ಒಂದಷ್ಟು ತೋಟದ ಬುಡಗಳಿಗೆ. ಈ ಸಿಪ್ಪೆಗೂ ಲಾರಿಯ ಡೀಸೆಲ್ಲಿಗೂ ಏನು ಸಂಬಂಧವೆಂದು ವಿದ್ಯಾರ್ಥಿಮಿತ್ರರು ಕೇಳಬಹುದು.

ಕೊಬ್ಬಿನ ಆಮ್ಲವು ಆಲ್ಕೊಹಾಲಿನೊಡನೆ ಕೂಡಿದಾಗ ದೊರೆಯುವ ಎಸ್ಟರೇ ಜೈವಿಕ ಡೀಸೆಲ್. ಹೊಂಗೆ ಮೊದಲಾದ ಬೀಜಗಳ ಎಣ್ಣೆಯಿಂದ ಅದನ್ನು ತಯಾರಿಸುವ ಕ್ರಮ ಹಳೆಯದು. 2006ರಲ್ಲಿ ಜರ್ಮನಿಯ ಮ್ಯೂನ್‌ಸ್ಟರಿನ ವಿಜ್ಞಾನಿಗಳು, ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಜೀವಾಣುವಿಗೆ ಬೇರೆ ಜೀವಾಣುಗಳ ಜೀನುಗಳನ್ನು ಸೇರಿಸಿ, ಆ ಎಸ್ಟರು ಅದರ ಒಡಲಿನಲ್ಲಿಯೇ ಸಿದ್ಧವಾಗುವಂತೆ ಮಾಡಿದರು. ಕೊಬ್ಬಿನ ಆಮ್ಲವನ್ನು ಮಾತ್ರ ಹೊರಗಿನಿಂದ ಒದಗಿಸಬೇಕಾಗಿತ್ತು. 2010ರಲ್ಲಿ ಕ್ಯಾಲಿಫೋರ್ನಿಯದ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಆ ಕೊರತೆಯನ್ನೂ ನೀಗಿಸಿದರು. ಅವರ ಇ. ಕೋಲಿ ಬರಿಯ ಸಕ್ಕರೆಯಿಂದಲೇ ಡೀಸೆಲನ್ನು ಮಾಡಿತು. ಸಾಲದುದಕ್ಕೆ, ಸಸ್ಯನಾರಿನಲ್ಲಿರುವ ಹೆಮಿಸೆಲ್ಯುಲೋಸನ್ನು ಒಡೆದು ಸಕ್ಕರೆಯಾಗಿಸುವ ವಿದ್ಯೆಯನ್ನೂ ಅದಕ್ಕೆ ಕಲಿಸಲಾಯಿತು. ಇಳುವರಿಯೋ, ಸಿದ್ಧಾಂತದಂತೆ ಸಾಧ್ಯವಾದುದರ ಹತ್ತನೆಯ ಒಂದು ಪಾಲಿಗೂ ಕಡಿಮೆ.

ಜೀವಾಣುವನ್ನು ಇನ್ನಷ್ಟು ಪಳಗಿಸಿದರೆ ಇಳುವರಿ ಹೆಚ್ಚೀತು. ಆದರೆ ರಸಾಯನಶಾಸ್ತ್ರದ ಒಂದು ಲೆಕ್ಕವನ್ನು ಯಾವ ಜಾಣ್ಮೆಯೂ ಮೀರಲಾರದು. ಒಂದು ಕಿಲೋಗ್ರಾಂ ಎಸ್ಟರಿಗೆ ಕಡಿಮೆಯೆಂದರೂ ಮೂರು ಕಿಲೋಗ್ರಾಮಿನಷ್ಟು ಸಕ್ಕರೆ ಬೇಕು! ಆದುದರಿಂದ ಜೀವಾಣುವಿಗಿಂತ ಅದರ ಮೇವೇ ದೊಡ್ಡ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಕಬ್ಬನ್ನೋ ಮೆಕ್ಕೆಜೋಳವನ್ನೋ ಉಣಿಸಿದರೆ, ಲಾರಿ ಓಡಿಸುವುದಕ್ಕಾಗಿ ಅನ್ನದ ಬಟ್ಟಲಿಗೇ ಕೈ ಹಾಕಿದಂತಾಗುವುದು.

ಅಡಿಕೆ ಸಿಪ್ಪೆಯಲ್ಲಿ ಹೆಮಿಸೆಲ್ಯುಲೋಸ್ ಧಾರಾಳವಾಗಿದೆ. ಆದರೆ ಲಿಗ್ನಿನ್ ಎಂಬ ಗಟ್ಟಿ ವಸ್ತುವು ಅದನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಕಾವು, ಆಮ್ಲ, ಕ್ಷಾರಗಳಿಂದ ಆ ಹಿಡಿತವನ್ನು ಸಡಿಲಿಸಹೊರಟರೆ, ಆಗ ಹುಟ್ಟುವ ಕೆಲವು ವಸ್ತುಗಳು ಜೀವಾಣುವಿಗೇ ವಿಷವಾಗುತ್ತವೆ. ಈ ತೊಡಕನ್ನು ಬಿಡಿಸುವ ಬೇಸರದ ಕೆಲಸಕ್ಕೆ ಪತ್ರಿಕೆಗಳಲ್ಲಿ ದಪ್ಪಕ್ಷರದ ತಲೆಬರಹ ದೊರೆಯುವುದಿಲ್ಲ. ಆದರೂ ಮೊದಲು ನಡೆಯಬೇಕಾದುದು ಅದೇ. 1956ರಿಂದ ಅಡಿಕೆಯ ಸಂಶೋಧನೆ ನಡೆದುಬಂದಿರುವ ವಿಟ್ಲ ಇಲ್ಲಿಂದ ಬಹು ದೂರವಿಲ್ಲ. ಇಲ್ಲಿಯ ಸಿಪ್ಪೆಯನ್ನು ಇಲ್ಲಿಯವರೇ ಪರೀಕ್ಷಿಸಬಾರದೇಕೆ?

ಪರೀಕ್ಷೆಗೆ ಮುಂಚೆ ಆಸೆ ಹುಟ್ಟಿಸುವುದು ಮಾತ್ರ ಬೇಡ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಲಕ್ಷಗಟ್ಟಲೆ ಹೆಕ್ಟೇರುಗಳಲ್ಲಿ ಜಟ್ರೋಫಾ ಬೆಳೆಸಲು ಸಲಹೆ ಮಾಡಿತು. ನೆಟ್ಟ ರೈತರಿಗೆ ನಿರೀಕ್ಷಿಸಿದ ಬೀಜ ಸಿಗಲಿಲ್ಲ. ಅರಂತೋಡು, ಸಂಪಾಜೆಗಳ ಕೃಷಿಕರಲ್ಲಿ ಅನೇಕರು ಹಳದಿ ಎಲೆ ರೋಗಕ್ಕೆ ತೋಟವನ್ನೇ ಕಳೆದುಕೊಂಡವರು. ಇನ್ನೊಂದು ಹುಸಿ ಮಾತನ್ನು ತಾಳಿಕೊಳ್ಳುವ ಶಕ್ತಿ ಅವರಿಗಿಲ್ಲ. ಸಿಪ್ಪೆಯೂ ಪುಕ್ಕಟೆಯ ವಸ್ತುವಲ್ಲ. ನಾಳೆ ಕಾರ್ಖಾನೆಯವರು ಅದನ್ನು ಕೊಳ್ಳಲು ಬಂದರೆ, ಬಚ್ಚಲೊಲೆಗೆ ತರಬೇಕಾಗುವ ಸೌದೆಯ ಬೆಲೆಯನ್ನೂ ತೋಟಕ್ಕೆ ತಪ್ಪುವ ಗೊಬ್ಬರದ ಬೆಲೆಯನ್ನೂ ಕೂಡಿಸಿಯೇ ದರವನ್ನು ಗೊತ್ತುಮಾಡಬೇಕು.