ವಸಡಿಗೆ ಮುಖ ನೋಡಿ ಮಣೆ ಹಾಕಬಹುದೇ?

ಮುಖ ನೋಡಿ ಮಣೆ ಹಾಕುವುದು ಲೋಕದ ರೂಢಿ. ನೀಳಮುಖ, ದುಂಡುಮುಖ, ಚೌಕಮುಖ ಎಂದು ವಿಂಗಡಿಸಿ, ಅದರಿಂದಲೇ ಗುಣವನ್ನೂ ಭಾಗ್ಯವನ್ನೂ ಊಹಿಸುವವರುಂಟು. ದಂತವೈದ್ಯರೂ ಒಂದು ಕಾಲಕ್ಕೆ ಈ ರೂಢಿಗೆ ಹೊರತಾಗಿರಲಿಲ್ಲ. 1914ರ ಸುಮಾರಿಗೆ ಅಮೆರಿಕದ ಲಿಯಾನ್ ವಿಲಿಯಮ್ಸ್ ಎಂಬ ದಂತವೈದ್ಯರು, ಮೇಲಿನ ಮುಂಬಲ್ಲನ್ನು ತಲೆಕೆಳಗು ಮಾಡಿ ನೋಡಿದರೆ ಅದರಲ್ಲಿ ಆ ಮನುಷ್ಯನ ಮುಖದ ಆಕಾರವೇ ಕಾಣುವುದೆಂದು ಸಾರಿದರು. ಕಟ್ಟುಹಲ್ಲುಗಳನ್ನು ಆರಿಸಲು ಈ ಸೂತ್ರ ಬಹುಕಾಲ ಬಳಕೆಯಲ್ಲಿತ್ತು. ಮುಂದೆ ಅಳತೆ ಹಿಡಿದು ನೋಡಿದಾಗ ಅನೇಕರಲ್ಲಿ ಹಲ್ಲಿಗೂ ಮುಖಕ್ಕೂ ಹೊಂದಿಕೆ ಕಾಣಲಿಲ್ಲ.

ಹಲ್ಲಿಗೂ ವಸಡಿಗೂ ಇರುವ ನಂಟು ಇದಕ್ಕಿಂತ ಗಟ್ಟಿಯಾದುದು. ಆಕ್ಸೆನ್‌ಬೈನ್ ಮತ್ತು ರಾಸ್ ಎಂಬಿಬ್ಬರು 1969ರಲ್ಲಿ ವಸಡಿನ ಎರಡು ಬಗೆಗಳನ್ನು ವಿವರಿಸಿದರು. ಬುಡದಲ್ಲಿ ಕಿರಿದಾದ ನೀಳ ಹಲ್ಲುಗಳ ಸುತ್ತ ವಸಡು ತೆಳುವಾಗಿ, ಕಮಾನುಕಮಾನಾಗಿ ಏರಿಳಿಯುವುದು ಸಾಮಾನ್ಯ. ಚೌಕ ಹಲ್ಲುಗಳ ಸುತ್ತ ಅದು ದಪ್ಪವಾಗಿ, ಸಮತಟ್ಟಾಗಿ ಇರುತ್ತದೆ. ದಪ್ಪ 1 ಮಿಲಿಮೀಟರನ್ನು ಮೀರದಿದ್ದರೆ ಅದು ತೆಳು ವಸಡು.

ಹಾಗಾದರೆ ಮುಖ ನೀಳವಾದವರ ವಸಡೆಲ್ಲ ತೆಳುವೇ? ಅಲ್ಲ. ನೀಳಮುಖದವರಲ್ಲಿ ಕೆಳದವಡೆಯ ಮುಂಬಲ್ಲುಗಳನ್ನು ಹಿಡಿದಿರುವ ಎಲುಬು ತೆಳುವಾಗಿರುವ ಸಂಭವ ಹೆಚ್ಚೆಂಬುದು ನಿಜ. ವಸಡಿನ ವಿಷಯದಲ್ಲಿ ಸಂಶೋಧಕರು ಒಮ್ಮತಕ್ಕೆ ಬಂದಿಲ್ಲ. ಆದುದರಿಂದ ಕನ್ನಡಿ ಹಿಡಿದು ತೀರ್ಮಾನಿಸುವುದು ತರವಲ್ಲ. ಪರೀಕ್ಷೆಯಾದರೂ ಬಹು ಸುಲಭ. ವೈದ್ಯರು ಹಲ್ಲಿಗೂ ವಸಡಿಗೂ ನಡುವೆ ತೆಳ್ಳನೆಯ ಲೋಹದ ಕಡ್ಡಿಯನ್ನು ಮೆಲ್ಲನೆ ಇಡುತ್ತಾರೆ. ಕಡ್ಡಿ ವಸಡಿನ ಮೂಲಕ ಹೊರಕ್ಕೆ ತೋರಿದರೆ ತೆಳು, ಮರೆಯಾದರೆ ದಪ್ಪ. 2009ರಲ್ಲಿ ಬೆಲ್ಜಿಯಮ್ಮಿನಲ್ಲಿ 100 ಮಂದಿಯನ್ನು ಹೀಗೆ ನೋಡಿದಾಗ ಸುಮಾರು ಮೂರರಲ್ಲೊಂದು ಪಾಲು ಜನರ ವಸಡು ತೆಳುವಾಗಿತ್ತು. ಅವರಲ್ಲಿ ಹೆಚ್ಚಿನವರು ಸ್ತ್ರೀಯರು.

ಇದರಿಂದೇನು ಪ್ರಯೋಜನವೆಂದು ಕೇಳಬಹುದು. ರಾಜಾಜಿನಗರ, ವಿಜಯನಗರಗಳಲ್ಲಿ ಮದುವೆಗೆ ಮುನ್ನ ಮಗಳ ಹಲ್ಲು ನೇರವಾಗಲೆಂದು ಕ್ಲಿಪ್ಪು ಹಾಕಿಸುವ ತಾಯಂದಿರು ಈಗ ವಿರಳರಲ್ಲ. ವಸಡು ತೆಳುವಾಗಿದ್ದು ಹಲ್ಲನ್ನು ಎಲುಬಿನ ಎಲ್ಲೆ ಮೀರಿ ಮುಂದಕ್ಕೆ ಸರಿಸಿದರೆ ವಸಡು ಕೆಳಸರಿದು ಬೇರು ಬಯಲಾಗುವ ಭಯವುಂಟು. ಹಲ್ಲು ನೇರವಾದರೂ ತಣ್ಣೀರು ತಗುಲಿದಾಗಲೆಲ್ಲ ಜುಮ್ಮೆನ್ನುವುದು. ಇದ್ದಿಲು, ಉಪ್ಪುಗಳಿಂದ ಬಲವಾಗಿ ತಿಕ್ಕುವವರಿಗೂ, ಗಡುಸಾದ ಬ್ರಷ್ಷಿನಿಂದ ಅಡ್ಡಡ್ಡ ಉಜ್ಜುವವರಿಗೂ ಇದೇ ಎಚ್ಚರಿಕೆ. ಒಮ್ಮೆ ಸರಿದ ವಸಡು ತಾನಾಗಿ ಮರಳಿ ಬೆಳೆಯುವುದಿಲ್ಲ. ಅಂಗುಳಿನಿಂದ ಅಂಗಾಂಶ ತೆಗೆದು ಕಸಿ ಮಾಡಬೇಕಾದೀತು. ದಪ್ಪ ವಸಡಿನವರೂ ನಿಶ್ಚಿಂತರಾಗಿರುವಂತಿಲ್ಲ. ಅವರಲ್ಲಿ ರೋಗವು ಹೊರಗೆ ತೋರದೆ ಹಲ್ಲಿನ ಪಕ್ಕದಲ್ಲೇ ಆಳವಾಗಿ ಸಂದುಗೊಳಿಸುವುದುಂಟು.

ನಗರದ ಪಶ್ಚಿಮ ಭಾಗದವರಿಗೆ ಪರೀಕ್ಷೆಯ ಅನುಕೂಲಕ್ಕೆ ಕೊರತೆಯಿಲ್ಲ. ಕೋಟೆಯ ಬಳಿ 1958ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯಕೀಯ ಕಾಲೇಜಿದೆ. ಕೆಂಗೇರಿ ದಾಟಿದರೆ ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ರಾಜರಾಜೇಶ್ವರಿ ದಂತವೈದ್ಯಕೀಯ ಕಾಲೇಜಿದೆ. ಕ್ಲಿಪ್ಪು ಹಾಕಿಸುವ ಮುನ್ನ “ವಸಡು ತೆಳುವೋ ದಪ್ಪವೋ ನೋಡಿ” ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಮುಖದ ಆಕಾರ ಹುಟ್ಟಿನೊಡನೆ ಬಂದದ್ದು, ಅದನ್ನು ಕುರಿತು ಕೊರಗಿ ಫಲವಿಲ್ಲ. ವಸಡನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಅವರವರ ಕೈಯಲ್ಲಿದೆ.