ಹಳೇ ಟ್ರ್ಯಾಕ್ಟರಿಗೆ ಸ್ಲೀವ್ ಹೊಡೆಸುವ ಮುಂಚೆ



ಮುಂಗಾರು ಹತ್ತಿರ ಬಂತೆಂದರೆ ನಮ್ಮ ಹಳೇ ಟ್ರ್ಯಾಕ್ಟರುಗಳ ರೋಗವೆಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಹಿಂದೆ ನೀಲಿ ಹೊಗೆ, ಬೆಳಿಗ್ಗೆ ಸ್ಟಾರ್ಟ್ ಮಾಡಲು ಇಳಿಜಾರು ಹುಡುಕಬೇಕು, ಡೀಸೆಲ್ ಜೊತೆಗೆ ಆಯಿಲ್ಲನ್ನೂ ಕುಡಿಯುತ್ತದೆ. ಎಂಜಿನ್ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ ಮೆಕ್ಯಾನಿಕ್ ಒಂದೇ ಮಾತು ಹೇಳುತ್ತಾನೆ: "ಗೌಡ್ರೇ, ಮೂರಕ್ಕೂ ಸ್ಲೀವ್ ಹೊಡೆಸಿಬಿಡ್ರಿ, ಹೊಸಾದಾಗ್ತದೆ." ಡೀಲರ್ ಕಡೆಯವನದು ಇನ್ನೊಂದು ಮಾತು: "ಇದನ್ನ ಗುಜರಿಗೆ ಹಾಕ್ರಿ, ಹೊಸಾದೇ ತಗೊಳ್ರಿ." 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದ ಮೇಲಂತೂ ಅವನ ಬಾಯಿಗೆ ತಡೆಯೇ ಇಲ್ಲ. ತೆರಿಗೆ ಇಳಿದದ್ದು ಒಳ್ಳೆಯದೇ. ಆದರೆ ಉಳಿದ ಹಣಕ್ಕೆ ಪಹಣಿಯಲ್ಲಿ ಬ್ಯಾಂಕಿನ ಋಣ ಬಂದು ಕೂತರೆ ಅದನ್ನು ಇಳಿಸುವವರು ಯಾರು? ನಾಲ್ಕೈದು ಎಕರೆಯವನು ಹಳೇ ಎಂಜಿನ್ನನ್ನೇ ಕಟ್ಟಿಸಿಕೊಂಡು ದುಡಿಯಬೇಕು. ಹೇಗೆ ಕಟ್ಟಿಸಬೇಕು ಅನ್ನೋದರಲ್ಲೇ ನಾವು ಮೋಸ ಹೋಗ್ತಿರೋದು.

ಮೊದಲು ನಿಮ್ಮ ಎಂಜಿನ್ ಯಾವ ಜಾತಿಯದು ನೋಡಿಕೊಳ್ಳಿ. ಎಚ್.ಎಂ.ಟಿ. 2511 ಇಟ್ಟುಕೊಂಡವರಿಗೆ ಈ ಪ್ರಶ್ನೆಯೇ ಇಲ್ಲ. ಅದರ ಲೈನರು ನೀರಿನಲ್ಲೇ ನಿಂತಿರುತ್ತದೆ; ಸವೆದರೆ ಕಿತ್ತು ಹೊಸದು ಕೂರಿಸಿ, ಕೆಳಗಿನ ರಬ್ಬರ್ ರಿಂಗ್ ಬದಲಿಸುವುದು. ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್ ಇರುವ ಮ್ಯಾಸ್ಸಿ 35ಕ್ಕೆ ಕಾರ್ಖಾನೆಯಲ್ಲೇ ತೆಳ್ಳನೆಯ ಒಣ ಲೈನರ್ ಹಾಕಿರುತ್ತಾರೆ. ಗಾಳಿಯಲ್ಲಿ ತಣಿಯುವ ಹಳೇ ಐಷರಿಗೆ ಒಂದೊಂದು ಬ್ಯಾರಲ್ಲೂ ಬೇರೆ. ತಲೆನೋವು ಇರುವುದು ಫೋರ್ಡ್ 3000ದಂಥ ಗಾಡಿಗಳಿಗೆ. 1971ರಿಂದ ಎಸ್ಕಾರ್ಟ್ಸ್‌ನವರು ಫರೀದಾಬಾದಿನಲ್ಲಿ ಮಾಡಿದ ಈ ಗಾಡಿಗೆ ಲೈನರೇ ಇಲ್ಲ. ಬ್ಲಾಕಿನ ಬೀಡು ಕಬ್ಬಿಣದಲ್ಲೇ 4.2 ಅಂಗುಲದ ಮೂರು ಬೋರ್ ಕೊರೆದಿದ್ದಾರೆ. ಅದು ಸವೆದರೆ ದಾರಿ ಎರಡೇ. ಸ್ವಲ್ಪ ದೊಡ್ಡದಾಗಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಬೇಕು, ಇಲ್ಲವೇ ಇನ್ನೂ ದೊಡ್ಡದಾಗಿ ಕೊರೆಸಿ, ಸ್ಲೀವ್ ಬಿಗಿದು, ಮತ್ತೆ ಮೊದಲಿನ ಅಳತೆಗೇ ತರಬೇಕು.

ನನ್ನ ಮಾತು ಇಷ್ಟು: ಬ್ಲಾಕ್ ಗಟ್ಟಿಯಾಗಿದ್ದರೆ ಮೊದಲ ಸಲ, ಎರಡನೇ ಸಲ ಸ್ಲೀವ್ ಬೇಡ. 0.020 ಅಂಗುಲಕ್ಕೆ ಒಮ್ಮೆ, ಮುಂದೆ 0.040ಕ್ಕೆ ಇನ್ನೊಮ್ಮೆ ಕೊರೆಸಲು ಅದರಲ್ಲೇ ಕಬ್ಬಿಣ ಇದೆ. ಅದು ನಮ್ಮ ಆಸ್ತಿ. ಅದನ್ನು ಮುಗಿಸಿದ ಮೇಲೆ ಸ್ಲೀವ್ ಇದ್ದೇ ಇದೆಯಲ್ಲ?

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ದುಡ್ಡು ಕೊಟ್ಟು ಕಲಿತೆ. ನಮ್ಮಪ್ಪ 1986ರಲ್ಲಿ ಎರಡನೇ ಕೈಯಿಂದ ತಂದ ಫೋರ್ಡ್ ನಮ್ಮದು. 1997ರಲ್ಲಿ 0.020ಕ್ಕೆ ಕೊರೆಸಿದೆವು; ಹದಿನಾಲ್ಕು ವರ್ಷ ಭದ್ರಾ ನಾಲೆಯ ಗದ್ದೆಯಲ್ಲಿ ಕೇಜ್‌ವೀಲ್ ಕಟ್ಟಿಕೊಂಡು ದುಡಿಯಿತು. 2011ರಲ್ಲಿ ಮತ್ತೆ ಬಿಚ್ಚಿದಾಗ ಇನ್ನೊಂದು ಸಲ ಕೊರೆಸಬಹುದಿತ್ತು. ಆದರೆ ಅಳತೆ ಹಿಡಿದವರು ಯಾರು? ಲೇತ್ ಅಂಗಡಿಯವನು ಬೆರಳು ಆಡಿಸಿ "ಸ್ಲೀವೇ ಬೇಕು" ಅಂದ, ನಾನೂ ಹೂಂ ಅಂದೆ. ಬ್ಲಾಕನ್ನು ಮೇಲಿಂದ ಕೆಳಗಿನವರೆಗೂ ನೇರ ಕೊರೆದುಬಿಟ್ಟ. ಸ್ಲೀವ್ ಕೆಳಗೆ ಜಾರದಂತೆ ಕೊನೆಯಲ್ಲಿ ಒಂದು ಮೆಟ್ಟಿಲು ಬಿಡಬೇಕು, ಬಿಡಲಿಲ್ಲ. ಸರಿಯಾಗಿ ನಾಟಿ ಕಾಲಕ್ಕೆ ನಡುವಿನ ಸ್ಲೀವ್ ಕೂದಲೆಳೆಯಷ್ಟು ಕುಸಿಯಿತು, ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಹೋಗಿ ಕೇಳಿದರೆ "ನೀವು ಬಿಸಿ ಮಾಡಿಬಿಟ್ರಿ" ಅಂತ ನನ್ನ ಮೇಲೇ ಹಾಕಿದ. ಕೆಲಸ ಮಾಡಿಸಿದ ದುಡ್ಡೇ ದಲ್ಲಾಳಿ ಅಂಗಡಿಯದು, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ಅದರ ಮೇಲೆ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಕೆಸರು ಮಾಡಿಸಿದೆ. ಸುಗ್ಗಿಯಲ್ಲಿ ಭತ್ತ ಯಾರಿಗೆ ಹೋಯಿತು, ಯಾವ ರೇಟಿಗೆ ಹೋಯಿತು ಅಂತ ನಿಮಗೆ ಬಿಡಿಸಿ ಹೇಳಬೇಕೇನ್ರಿ? ಸಾಲ ಕೊಟ್ಟವನೇ ತೂಕ ಹಿಡಿಯುತ್ತಾನೆ.

ಹಾಗಂತ ಸ್ಲೀವೇ ಕೆಟ್ಟದ್ದು ಅನ್ನಲಾರೆ. ಅದೇ ಬ್ಲಾಕನ್ನು ಮುಂದಿನ ವರ್ಷ ಹರಿಹರಕ್ಕೆ ಒಯ್ದೆ. ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಲೇತುಗಳು ತಯಾರಾಗುತ್ತಿದ್ದ ಊರು ಅದು. ಕಬ್ಬಿಣ ಕೊರೆಯುವ ವಿದ್ಯೆ ಇನ್ನೂ ಅಲ್ಲಿ ಸತ್ತಿಲ್ಲ. ಅಲ್ಲಿನ ಮುದುಕ ಒಬ್ಬರು ಡಯಲ್ ಗೇಜ್ ಇಳಿಸಿ, ಒಂದೊಂದು ಬೋರನ್ನೂ ಮೇಲೆ, ನಡುವೆ, ಕೆಳಗೆ ಅಡ್ಡಡ್ಡ ಅಳೆದು ಚಾಕ್‌ಪೀಸಿನಲ್ಲಿ ಬ್ಲಾಕಿನ ಮೇಲೇ ಬರೆದರು. ಮೆಟ್ಟಿಲಿಗೆ ಜಾಗ ಉಳಿದಿರಲಿಲ್ಲವಾದ್ದರಿಂದ ಮೇಲೆ ಕಾಲರ್ ಇರುವ ಸ್ಲೀವ್ ತರಿಸಿ, ಒತ್ತಿ ಕೂರಿಸಿ, ಬ್ಲಾಕಿನ ಮುಖ ಸಮ ಮಾಡಿ, ಕೊನೆಗೆ ಪಿಸ್ಟನ್ ಕೈಯಲ್ಲಿ ಹಿಡಿದು ಅದರ ಅಳತೆಗೆ ಬೋರ್ ಮುಗಿಸಿದರು. ಅದು ಈವತ್ತಿಗೂ ಓಡ್ತಾ ಇದೆ.

ಸ್ಲೀವ್ ಮೊದಲ ಸಲಕ್ಕೇ ಬೇಕಾಗುವುದೂ ಉಂಟು. ಈ ಬ್ಲಾಕುಗಳಿಗೆ ಒಂದು ಕೆಟ್ಟ ರೋಗವಿದೆ. ಎಂಜಿನ್ ಹೊಡೆತಕ್ಕೆ ಸಿಲಿಂಡರಿನ ಗೋಡೆ ಅದುರುತ್ತದೆ, ಹೊರಗಿನ ನೀರಿನಲ್ಲಿ ಸಣ್ಣ ಗುಳ್ಳೆ ಎದ್ದು ಒಡೆಯುತ್ತವೆ. ವರ್ಷಗಟ್ಟಲೆ ಹೀಗೇ ಆಗಿ ಗೋಡೆಯಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತದೆ. ಆಗ ನೀರು ಆಯಿಲ್ಲಿಗೆ ಸೇರಿ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಂಥದ್ದಕ್ಕೆ ಎಷ್ಟು ಕೊರೆಸಿದರೂ ದಂಡ, ಸ್ಲೀವೇ ಗತಿ. ಇದರಲ್ಲಿ ನಮ್ಮ ತಪ್ಪೂ ಇದೆ, ಒಪ್ಪಿಕೊಳ್ಳೋಣ. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಸುರಿದು ಕೂಲೆಂಟಿನ ದುಡ್ಡು ಉಳಿಸಿದೆವು ಅಂದುಕೊಳ್ಳುತ್ತೇವೆ.

ದೊಡ್ಡ ಸೈಜಿನ ಪಿಸ್ಟನ್ ಪೇಟೆಯಲ್ಲಿ ಸಿಗೋದಿಲ್ಲ, ಅದಕ್ಕೇ ಸ್ಲೀವ್ ಅನ್ನುತ್ತಾರೆ ಲೇತಿನವರು. ಹಳೇ ಗಾಡಿಗಳ ಮಟ್ಟಿಗೆ ಇದರಲ್ಲಿ ಸತ್ಯವಿದೆ, ಸುಳ್ಳೆನ್ನಲಾರೆ. ಆದ್ದರಿಂದ ಪಿಸ್ಟನ್ ಸೆಟ್ ಕೈಗೆ ಬರುವವರೆಗೆ ಬ್ಲಾಕಿಗೆ ಕಟರ್ ಮುಟ್ಟಿಸಬೇಡಿ. ನಾಲ್ಕು ಅಂಗಡಿ ತಿರುಗಿದರೂ ಸಿಗಲಿಲ್ಲವೆಂದರೆ ಆಗ ಸ್ಲೀವ್ ಹಾಕಿಸಿ. ಮೂರರಲ್ಲಿ ಒಂದೇ ಸಿಲಿಂಡರಿಗೆ ಗಾಯವಾಗಿದ್ದರೆ ಅದೊಂದಕ್ಕೇ ಹಾಕಿಸಿ, ಉಳಿದೆರಡರ ಸೈಜಿಗೇ ಕೊರೆಸಬಹುದು. ಸ್ಲೀವಿನ ಹೊರಮೈ ಬ್ಲಾಕಿಗೆ ಪೂರಾ ಅಂಟಿ ಕೂರಬೇಕು. ನಡುವೆ ತುಕ್ಕೋ ಮಸಿಯೋ ಉಳಿದರೆ ಬಿಸಿ ನೀರಿಗೆ ದಾಟುವುದಿಲ್ಲ, ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಇನ್ನು ಧೂಳಿನ ವಿಚಾರ. ಬೋರ್ ಸವೆಯುವುದು ಹೆಚ್ಚಾಗಿ ಅದರಿಂದಲೇ. ಏರ್ ಕ್ಲೀನರಿನ ಬಟ್ಟಲಲ್ಲಿ ಆಯಿಲ್ ಇದೆಯೋ ಕೆಸರಿದೆಯೋ ನೋಡದೆ ಮೆಕ್ಕೆಜೋಳದ ಹೊಲಕ್ಕೆ ಹೊರಟರೆ ಸ್ಲೀವ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ ಎಂಜಿನ್ ಬಿಚ್ಚಿ. ಮೇ ತಿಂಗಳಲ್ಲಿ ಬಿಚ್ಚಿದವನಿಗೆ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ, ಅದು ಲೇತಿನವನಿಗೂ ಗೊತ್ತು, ದಲ್ಲಾಳಿಗೂ ಗೊತ್ತು. ಅಳತೆ ಚೀಟಿ ಕೇಳಿ: ಬಿಚ್ಚಿದಾಗ ಎಷ್ಟಿತ್ತು, ಕೊರೆದ ಮೇಲೆ ಎಷ್ಟಾಯಿತು, ಮೂರಕ್ಕೂ ಬೇರೆ ಬೇರೆ ಬರೆದು ಕೊಡಲಿ. ಗೇಜ್ ಇಲ್ಲದ ಅಂಗಡಿಗೆ ಬ್ಲಾಕ್ ಇಳಿಸಲೇಬೇಡಿ. ಈ ವರ್ಷ ಎಂಜಿನ್ ಕಟ್ಟಿಸಿದವರು ಯಾವ ಗಾಡಿ, ಕೊರೆಸಿದಿರೋ ಸ್ಲೀವೋ, ಪಿಸ್ಟನ್ನಿಗೆಷ್ಟು, ಕೂಲಿಗೆಷ್ಟು ಆಯಿತು ಅಂತ ಒಂದು ಕಾರ್ಡ್ ಬರೆದು ಹಾಕಿ. ಒಂದೇ ಕೆಲಸಕ್ಕೆ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ರೇಟು ಯಾಕಿದೆ ಅಂತ ಮುಂದಿನ ತಿಂಗಳು ಕೂತು ಲೆಕ್ಕ ಹಾಕೋಣ.