ಗಡಿ ಎಳೆಯುವ ಕೈ ನಮ್ಮದೂ ಆಗಲಿ

ಪಶ್ಚಿಮ ಘಟ್ಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಪ್ರಶ್ನೆ ಸರಳ, ಉತ್ತರ ಮಾತ್ರ ಒಂದೇ ಅಲ್ಲ. 2011ರಲ್ಲಿ ವರದಿ ಕೊಟ್ಟ ಮಾಧವ ಗಾಡ್ಗೀಳ್ ಸಮಿತಿ ಘಟ್ಟದ ವಿಸ್ತೀರ್ಣ 1,29,037 ಚದರ ಕಿ.ಮೀ. ಎಂದಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ಲೆಕ್ಕ 1,64,280 ಚದರ ಕಿ.ಮೀ. ಬೆಟ್ಟ ಬೆಳೆದಿರಲಿಲ್ಲ, ಎಳೆದ ಗೆರೆ ಬೇರೆಯಾಗಿತ್ತು.

ಮಲೆನಾಡಿನ ಹತ್ತು ವರ್ಷ ಮೀರಿದ ಜಗಳಕ್ಕೆ ಈ ಗೆರೆಯೂ ಒಂದು ಕಾರಣ. ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ವಿಂಗಡಿಸಿ ಅಂಕ ಕೊಟ್ಟಿತು. ಒಂದು ಚೌಕದೊಳಗೆ ಹಲವು ಹಳ್ಳಿಗಳು ಬಂದುಬಿಡುತ್ತವೆ. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ಬಳಸಿ ಹಳ್ಳಿಯನ್ನೇ ಘಟಕವಾಗಿಸಿಕೊಂಡಿತು. ಹಳ್ಳಿಯ ಶೇ 20ರಷ್ಟು ಅಥವಾ ಹೆಚ್ಚು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ಅಂದರೆ 10 ಚದರ ಕಿ.ಮೀ. ಹಳ್ಳಿಯಲ್ಲಿ 2 ಚದರ ಕಿ.ಮೀ. ದಟ್ಟ ಕಾಡಿದ್ದರೆ, ಉಳಿದ 8ರಲ್ಲಿರುವ ಗದ್ದೆ, ತೋಟ, ಮನೆಗಳೂ ಒಳಗೆ. ನೆರಳಿನ ಮರಗಳಿರುವ ಕಾಫಿ ತೋಟ ಆಕಾಶದಿಂದ ಕಾಡಿನಂತೆಯೇ ಕಾಣುತ್ತದೆ ಎಂಬ ದೂರು ಬೇರೆ.

2024ರ ಜುಲೈ 31ರಂದು ಕೇಂದ್ರ ಸರ್ಕಾರ ಆರನೇ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಆಕ್ಷೇಪಣೆಗೆ 60 ದಿನ. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಒಂದು ಕಡೆ ‘ಕಾಡು ಉಳಿಸಿ’, ಇನ್ನೊಂದು ಕಡೆ ‘ಊರು ಉಳಿಸಿ’ ಎಂಬ ಕೂಗು. ಕರಡು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಕೆಂಪು ವರ್ಗದ ಕೈಗಾರಿಕೆಗಳಂಥವನ್ನು, ಬೇಸಾಯವನ್ನಲ್ಲ. ಆದರೆ ಗೆರೆ ಎಲ್ಲಿ ಬಿದ್ದಿದೆ, ಯಾಕೆ ಬಿದ್ದಿದೆ ಎಂದು ಊರಿನವರಿಗೆ ತಿಳಿಯದಿದ್ದಾಗ ಭಯವೇ ನಕ್ಷೆಯಾಗುತ್ತದೆ.

ಇಲ್ಲಿಯೇ ನಮ್ಮಂಥ ವಿದ್ಯಾರ್ಥಿಗಳಿಗೆ ಕೆಲಸವಿದೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ 2002ರಿಂದ ಬೆಳೆಯುತ್ತಿದೆ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಹಿಂದೆ ನಕ್ಷೆಯ ದತ್ತಾಂಶಕ್ಕೆ ಅನುಮತಿಯ ತೊಡಕುಗಳಿದ್ದವು. 2021ರ ಫೆಬ್ರುವರಿಯ ಮಾರ್ಗಸೂಚಿ ಅವುಗಳಲ್ಲಿ ಬಹಳಷ್ಟನ್ನು ಸಡಿಲಿಸಿತು. ಗ್ರಾಮ ಗಡಿಗಳನ್ನು ರಾಜ್ಯದ ಕೆ-ಜಿಐಎಸ್‌ನಲ್ಲಿ ನೋಡಬಹುದು. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ.

ಕೆಲಸದ ಕ್ರಮ ಹೀಗೆ. ಮೊದಲು ಗ್ರಾಮ ಗಡಿಯ ಪದರವನ್ನು ತೆರೆಯಬೇಕು. ಅದರ ಕೆಳಗೆ ಉಪಗ್ರಹ ಚಿತ್ರ ಹಾಕಬೇಕು. ಹೊಸ ಪಾಲಿಗನ್ ಪದರ ಮಾಡಿಕೊಂಡು ಕಾಡು, ತೋಟ, ಗದ್ದೆ, ವಸತಿಗಳ ಅಂಚನ್ನು ಒಂದೊಂದಾಗಿ ಗುರುತಿಸಬೇಕು. ಗ್ರಾಮ ಗಡಿಯ ಆಚೆಗಿನದನ್ನು ಕತ್ತರಿಸಿ ತೆಗೆದರೆ ಅಧ್ಯಯನ ಪ್ರದೇಶ ಸಿದ್ಧ. ಒಂದು ಎಚ್ಚರಿಕೆ: ಅಕ್ಷಾಂಶ–ರೇಖಾಂಶದ ಡಿಗ್ರಿಯಲ್ಲೇ ವಿಸ್ತೀರ್ಣ ಲೆಕ್ಕ ಹಾಕಬಾರದು. ಮಲೆನಾಡಿಗೆ ಯುಟಿಎಂ 43 ಉತ್ತರ ವಲಯಕ್ಕೆ ಪದರವನ್ನು ಬದಲಿಸಿಕೊಂಡರೆ ಲೆಕ್ಕ ಚದರ ಮೀಟರಿನಲ್ಲಿ ಸಿಗುತ್ತದೆ. ಆಮೇಲೆ ಊರಿಗೆ ಹೋಗಿ, ಕಾಡೆಂದು ಗುರುತಿಸಿದ್ದು ಕಾಡೇ ಹೌದೋ ಎಂದು ನಡೆದು ನೋಡಬೇಕು. ಈ ಹಂತ ಬಿಟ್ಟರೆ ನಾವೂ ಆಕಾಶದಿಂದಲೇ ತೀರ್ಪು ಕೊಟ್ಟಂತೆ.

ಇಂಥ ನಕ್ಷೆಗೆ ಕಾನೂನಿನ ಮುದ್ರೆ ಇಲ್ಲ. ಸರ್ವೆ ಇಲಾಖೆಯ ದಾಖಲೆಗೆ ಅದು ಬದಲಿಯಲ್ಲ. ಆದರೆ ‘ನಮ್ಮ ಹಳ್ಳಿ ಕೈಬಿಡಿ’ ಎಂಬ ಒಂದು ಸಾಲಿನ ಅರ್ಜಿಗಿಂತ, ‘ನೀವು ಕಾಡೆಂದ ಇಷ್ಟು ಜಾಗ ತೋಟ, ಇದೋ ಸರ್ವೆ ನಂಬರು’ ಎಂಬ ಆಕ್ಷೇಪಣೆಗೆ ತೂಕ ಹೆಚ್ಚು. ಅದೇ ನಕ್ಷೆ ಉಲ್ಟಾ ಸತ್ಯವನ್ನೂ ಹೇಳಬಹುದು: ತೋಟವೆಂದು ವಾದಿಸಿದ ಜಾಗ ನಿಜಕ್ಕೂ ಕಾಡೇ ಆಗಿರಬಹುದು. ಅದನ್ನು ಒಪ್ಪುವ ಪ್ರಾಮಾಣಿಕತೆಯೂ ಬೇಕು.

ಪದವಿಯ ಪ್ರಾಜೆಕ್ಟ್‌ಗೆ ಎಲ್ಲೋ ಇರುವ ಊರಿನ ಸಿದ್ಧ ನಕ್ಷೆಯನ್ನು ನಕಲಿಸುವ ಬದಲು ಸ್ವಂತ ಪಂಚಾಯಿತಿಯನ್ನು ಆರಿಸಿಕೊಳ್ಳಬಹುದಲ್ಲವೇ? ನಕ್ಷೆ ಮಾಡಲು ಬಲ್ಲವರಿಗೆ ಕೃಷಿ, ನೀರಾವರಿ, ನಗರ ಯೋಜನೆಗಳಲ್ಲಿ ಕೆಲಸವಿದೆ. ಸಂದರ್ಶನದಲ್ಲಿ ತೋರಿಸಲು ಒಂದು ನಿಜವಾದ ಕೆಲಸವೂ ಕೈಯಲ್ಲಿರುತ್ತದೆ. ಮುಂದಿನ ಕರಡು ಬಂದಾಗ ಗ್ರಾಮ ಸಭೆಯಲ್ಲಿ ಆ ನಕ್ಷೆಯನ್ನು ಗೋಡೆಗೆ ತೂಗುಹಾಕಿದರೆ, ಚರ್ಚೆ ಕೂಗಿನಿಂದಲ್ಲ, ಗೆರೆಯಿಂದ ಶುರುವಾಗುತ್ತದೆ.